ನಾಲ್ಕು ಅಕ್ಷರ, ಮೂವತ್ತಾರು ಬೈಟ್: ಕನ್ನಡದ ಕಡತವನ್ನು ಸರ್ವರ್‌ಗೆ ಏರಿಸುವ ಕ್ರಮ

ಒಂದೇ ಸಾಲನ್ನು ಹಲವು ಬಗೆಯಲ್ಲಿ ಎಣಿಸಬಹುದು ಎಂಬುದು ಛಂದಸ್ಸಿನ ಪಾಠದಲ್ಲಿ ವಿದ್ಯಾರ್ಥಿಗಳು ಮೊದಲಿಗೆ ಕಲಿಯುವ ಸಂಗತಿ. ಅಕ್ಷರಗಣದ ಲೆಕ್ಕ ಒಂದು, ಮಾತ್ರಾಗಣದ ಲೆಕ್ಕ ಇನ್ನೊಂದು, ಅಂಶಗಣದ ಲೆಕ್ಕ ಮತ್ತೊಂದು. ಯಾವ ಪದ್ಯಕ್ಕೆ ಯಾವ ಲೆಕ್ಕವೆಂದು ತಿಳಿಯದೆ ಪ್ರಸ್ತಾರ ಹಾಕಿದವನು ದಾರಿ ತಪ್ಪುತ್ತಾನೆ. ಗಣಕಯಂತ್ರದ ಮೂಲಕ ಕನ್ನಡವನ್ನು ಬೇರೊಂದು ಯಂತ್ರಕ್ಕೆ ಕಳುಹಿಸುವವರಿಗೂ ಇದೇ ಎಚ್ಚರ ಬೇಕು.

'ನಾಟ್ರಾಂಪಾಳ್ಯ' ಎಂಬ ಊರಿನ ಹೆಸರನ್ನು ನೋಡಬಹುದು. ನಾ, ಟ್ರಾಂ, ಪಾ, ಳ್ಯ ಎಂದು ಇದರಲ್ಲಿ ನಾಲ್ಕು ಅಕ್ಷರಗಳಿವೆ. ಮೂರು ಗುರು, ಒಂದು ಲಘು. ಒಟ್ಟು ಏಳು ಮಾತ್ರೆ. ಯೂನಿಕೋಡ್ ಪದ್ಧತಿಯಲ್ಲಿ ಬೆರಳಚ್ಚಿಸಿದಾಗ ಇದೇ ಹೆಸರು 12 ಸಂಕೇತಗಳಾಗುತ್ತದೆ. ಜಾಲದಲ್ಲಿ ಪ್ರಯಾಣ ಹೊರಟಾಗ 36 ಬೈಟ್‌ಗಳಾಗುತ್ತದೆ. ಜಾಲವಿಳಾಸದ ಭಾಗವಾದಾಗ 108 ಚಿಹ್ನೆಗಳಷ್ಟು ಉದ್ದವಾಗುತ್ತದೆ. ಈ ಲೆಕ್ಕಗಳಲ್ಲಿ ಯಾವುದೂ ಸುಳ್ಳಲ್ಲ. ಒಂದರ ಸ್ಥಳದಲ್ಲಿ ಇನ್ನೊಂದನ್ನು ಇಟ್ಟಾಗ ಮಾತ್ರ ಊರಿನ ಹೆಸರು ಮುರಿಯುತ್ತದೆ.

ಸಂದರ್ಭ

ನಾಟ್ರಾಂಪಾಳ್ಯವು ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯಲ್ಲಿದೆ. ಅಂಚೆಟ್ಟಿಯಿಂದ ಹೊಗೇನಕಲ್ಲಿನ ಕಡೆಗೆ ಸಾಗುವ ಕಾಡುಗುಡ್ಡಗಳ ಸೀಮೆ ಅದು. ಕನ್ನಡ, ತೆಲುಗು, ತಮಿಳು ಮೂರೂ ಕಿವಿಗೆ ಬೀಳುವ ಪ್ರದೇಶ. ಕನ್ನಡ ಐಚ್ಛಿಕದ ವಿದ್ಯಾರ್ಥಿನಿಯೊಬ್ಬಳು ಕ್ಷೇತ್ರಕಾರ್ಯಕ್ಕೆಂದು ಅಲ್ಲಿಗೆ ಹೋಗಿ, ವಯಸ್ಸಾದ ಹೆಂಗಸರಿಂದ ರಾಗಿ ಬೀಸುವ ಪದಗಳನ್ನು ಧ್ವನಿಮುದ್ರಿಸಿಕೊಂಡು ಬಂದಳೆಂದು ಊಹಿಸಬಹುದು. ಮುನ್ನೂರು ಧ್ವನಿಕಡತಗಳು ಅವಳ ಬಳಿ ಇವೆ. ಮೊಬೈಲಿನಲ್ಲಿಯೇ ಉಳಿದರೆ ಮೊಬೈಲು ಕೆಟ್ಟ ದಿನ ಅವು ಇಲ್ಲವಾಗುತ್ತವೆ. 2004ರಲ್ಲಿ ಆರಂಭವಾದ ವಿಕಿಮೀಡಿಯ ಕಾಮನ್ಸ್‌ನಂತಹ ಸಾರ್ವಜನಿಕ ಭಂಡಾರಕ್ಕೆ ಅವನ್ನು ಏರಿಸಿದರೆ ಯಾವ ಊರಿನವರೂ ಕೇಳಬಹುದು.

ಒಂದೊಂದೇ ಕಡತವನ್ನು ಆರಿಸಿ, ಗುಂಡಿ ಒತ್ತಿ, ವಿವರ ತುಂಬಿ ಏರಿಸುವುದು ಮುನ್ನೂರು ಕಡತಗಳ ವಿಷಯದಲ್ಲಿ ದೀರ್ಘ ಶ್ರಮ. ಆದುದರಿಂದ ಇಂತಹ ಕೆಲಸವನ್ನು ಚಿಕ್ಕದೊಂದು ಪ್ರೋಗ್ರಾಮಿಗೆ ವಹಿಸುವುದು ರೂಢಿ. ಪ್ರೋಗ್ರಾಮು ದಣಿಯುವುದಿಲ್ಲ, ಆದರೆ ಅದರಲ್ಲಿ ಒಂದು ತಪ್ಪಿದ್ದರೆ ಆ ತಪ್ಪನ್ನು ಮುನ್ನೂರು ಸಲವೂ ನಿಷ್ಠೆಯಿಂದ ಮಾಡುತ್ತದೆ.

ಕೋರಿಕೆ ಮತ್ತು ಉತ್ತರ

ಜಾಲದಲ್ಲಿ ಎರಡು ಯಂತ್ರಗಳ ನಡುವಿನ ಮಾತುಕತೆಗೆ ಎಚ್‌ಟಿಟಿಪಿ ಎಂಬ ನಿಯಮಾವಳಿ ಇದೆ. ಜಿನೀವಾ ಬಳಿಯ ಸರ್ನ್ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ ವಿಶ್ವವ್ಯಾಪಿ ಜಾಲವನ್ನು ರೂಪಿಸಿದಾಗ ಹುಟ್ಟಿದ ನಿಯಮಗಳಿವು. ಕೇಳುವ ಯಂತ್ರವು ಕೋರಿಕೆಯನ್ನು ಕಳುಹಿಸುತ್ತದೆ. ಸರ್ವರ್ ಉತ್ತರವನ್ನು ಕಳುಹಿಸುತ್ತದೆ. ಕೋರಿಕೆಯ ರಚನೆ ಅಂಚೆಯ ಕಟ್ಟಿನಂತೆಯೇ ಇದೆ. ಮೊದಲ ಸಾಲಿನಲ್ಲಿ ಏನು ಮಾಡಬೇಕು, ಎಲ್ಲಿ ಮಾಡಬೇಕು ಎಂಬ ಆದೇಶ. ಅನಂತರ ಕಟ್ಟಿನ ವಿವರ ಹೇಳುವ ತಲೆಬರಹಗಳು. ಆಮೇಲೆ ಒಂದು ಖಾಲಿ ಸಾಲು. ಅದರ ಕೆಳಗೆ ಒಡಲು, ಎಂದರೆ ಕಳುಹಿಸಬೇಕಾದ ವಸ್ತು.

ಆದೇಶಗಳಲ್ಲಿ ಮೂರು ಇಲ್ಲಿ ಮುಖ್ಯ. 'ಗೆಟ್' ಎಂದರೆ ಕೊಡು; ಪುಟವನ್ನು ತೆರೆದಾಗಲೆಲ್ಲ ನಡೆಯುವುದು ಇದೇ. 'ಪೋಸ್ಟ್' ಎಂದರೆ ಇದನ್ನು ಸ್ವೀಕರಿಸಿ ನಿನ್ನ ಕ್ರಮದಂತೆ ಸಂಸ್ಕರಿಸು. 'ಪುಟ್' ಎಂದರೆ ಇದೇ ವಿಳಾಸದಲ್ಲಿ ಇದನ್ನು ಇಡು. ಒಂದೇ 'ಪುಟ್' ಕೋರಿಕೆಯನ್ನು ಎರಡು ಸಲ ಕಳುಹಿಸಿದರೂ ಅಲ್ಲಿ ಉಳಿಯುವುದು ಒಂದೇ ಕಡತ. 'ಪೋಸ್ಟ್' ವಿಷಯದಲ್ಲಿ ಆ ಭರವಸೆಯಿಲ್ಲ; ಎರಡು ಸಲ ಕಳುಹಿಸಿದರೆ ಕೆಲಸ ಎರಡು ಸಲ ನಡೆಯಬಹುದು. ಇಂಟರ್ನೆಟ್ ಆರ್ಕೈವ್ ತನ್ನ ಕಡತಗಳನ್ನು 'ಪುಟ್' ಮೂಲಕ ಸ್ವೀಕರಿಸುತ್ತದೆ; ವಿಕಿಮೀಡಿಯ ಕಾಮನ್ಸ್ 'ಪೋಸ್ಟ್' ಮೂಲಕ ಸ್ವೀಕರಿಸುತ್ತದೆ.

ಕಾಮನ್ಸ್‌ನಲ್ಲಿ ಕಡತವನ್ನು ಏರಿಸುವ ಮೊದಲು ಪ್ರೋಗ್ರಾಮು ತನ್ನ ಗುರುತು ಹೇಳಿಕೊಂಡು ಒಳಗೆ ಹೋಗಬೇಕು. ಅನಂತರ 'ಟೋಕನ್' ಎಂಬ ಚೀಟಿಯನ್ನು ಕೇಳಿ ಪಡೆಯಬೇಕು. ಕೋರಿಕೆಯು ನಿಜವಾಗಿಯೂ ಅದೇ ಸದಸ್ಯನಿಂದ ಬಂದಿತೆಂಬುದಕ್ಕೆ ಆ ಚೀಟಿ ಸಾಕ್ಷಿ. ಒಳಗೆ ಹೋದಾಗ ಸರ್ವರ್ ಕೊಡುವ ಕುಕಿಗಳನ್ನು ಮುಂದಿನ ಪ್ರತಿಯೊಂದು ಕೋರಿಕೆಯಲ್ಲಿಯೂ ಮರಳಿ ಒಪ್ಪಿಸಬೇಕು. ಹಾಗೆ ಮಾಡದಿದ್ದರೆ, ಹಿಂದಿನ ಕ್ಷಣ ಮಾತನಾಡಿದವನನ್ನೇ ಸರ್ವರ್ ಅಪರಿಚಿತನೆಂದು ಕಾಣುತ್ತದೆ.

ಕಟ್ಟಿನ ಒಳಗೆ

ಧ್ವನಿಕಡತದೊಡನೆ ಅದರ ಹೆಸರು, ವಿವರಣೆ, ಟೋಕನ್ ಇವೆಲ್ಲವೂ ಒಟ್ಟಿಗೆ ಹೋಗಬೇಕು. ಜಾಲದ ಆರಂಭದ ನಮೂನೆಗಳಲ್ಲಿ ಅಕ್ಷರಗಳನ್ನು ತುಂಬಿ ಕಳುಹಿಸಬಹುದಾಗಿತ್ತೇ ಹೊರತು ಕಡತವನ್ನು ಸೇರಿಸುವಂತಿರಲಿಲ್ಲ. ಈ ಕೊರತೆಯನ್ನು ನೀಗಿಸುವ ಕ್ರಮವನ್ನು ಜೆರಾಕ್ಸ್ ಸಂಸ್ಥೆಯ ಇಬ್ಬರು 1995ರ ನವೆಂಬರಿನಲ್ಲಿ ಆರ್‌ಎಫ್‌ಸಿ 1867 ಎಂಬ ದಾಖಲೆಯಲ್ಲಿ ಮುಂದಿಟ್ಟರು. 'ಮಲ್ಟಿಪಾರ್ಟ್ ಫಾರ್ಮ್-ಡೇಟಾ' ಎಂಬ ಆ ಕ್ರಮವೇ ಇಂದಿಗೂ ಬಳಕೆಯಲ್ಲಿದೆ. 2015ರ ಆರ್‌ಎಫ್‌ಸಿ 7578 ಅದರ ಪರಿಷ್ಕೃತ ರೂಪ.

ಇದರಲ್ಲಿ ಒಡಲನ್ನು ಭಾಗಗಳಾಗಿ ವಿಂಗಡಿಸಿ, ಭಾಗಭಾಗದ ನಡುವೆ ಒಂದು ಗಡಿಗೆರೆಯನ್ನು ಇಡಲಾಗುತ್ತದೆ. ಗಡಿಗೆರೆಯೆಂದರೆ ಕಡತದೊಳಗೆ ಎಲ್ಲಿಯೂ ಬಾರದಂತೆ ಆರಿಸಿದ ಅಕ್ಷರಗಳ ಸರಣಿ. ಅದೇನೆಂಬುದನ್ನು ತಲೆಬರಹದಲ್ಲಿ ಮೊದಲೇ ತಿಳಿಸಿರಬೇಕು. ಪ್ರತಿ ಭಾಗದ ಮುನ್ನ ಎರಡು ಅಡ್ಡಗೆರೆ ಮತ್ತು ಆ ಸರಣಿ. ಕೊನೆಯಲ್ಲಿ ಅದೇ ಸರಣಿಯ ಮುಂದೆ ಇನ್ನೆರಡು ಅಡ್ಡಗೆರೆ. ಆ ಕೊನೆಯ ಎರಡು ಅಡ್ಡಗೆರೆಗಳನ್ನು ಮರೆತರೆ ಕಟ್ಟು ಪೂರ್ಣವಾಗಿಲ್ಲವೆಂದು ಸರ್ವರ್ ತಿರಸ್ಕರಿಸಬಹುದು. ಪ್ರತಿ ಭಾಗಕ್ಕೂ ತನ್ನದೇ ಚಿಕ್ಕ ತಲೆಬರಹ, ಖಾಲಿ ಸಾಲು, ಒಡಲು ಇವೆ. ಕಟ್ಟಿನೊಳಗೆ ಕಟ್ಟು ಎಂಬಂತಹ ರಚನೆ ಇದು.

ಇಲ್ಲಿ ಒಂದು ಸೂಕ್ಷ್ಮವಿದೆ. ಕಡತದ ಭಾಗಕ್ಕೆ ಅಂಟಿಕೊಂಡ ಹೆಸರು ಬೇರೆ, ಭಂಡಾರದಲ್ಲಿ ಕಡತಕ್ಕೆ ಇರಬೇಕಾದ ಹೆಸರು ಬೇರೆ. ಮೊದಲನೆಯ ಸ್ಥಾನದಲ್ಲಿ ಕನ್ನಡ ಹೆಸರನ್ನಿಟ್ಟರೆ ಕೆಲವು ಹಳೆಯ ಪ್ರೋಗ್ರಾಮ್ ಲೈಬ್ರರಿಗಳು ಅದನ್ನು ತಮ್ಮದೇ ರೀತಿಯಲ್ಲಿ ಬದಲಿಸಿ ಕಳುಹಿಸುತ್ತವೆ; ಸರ್ವರ್‌ಗೆ ಅದು ಅರ್ಥವಾಗದೆ ಹೋಗಬಹುದು. ಕಾಮನ್ಸ್ ಅಂತಿಮ ಹೆಸರನ್ನು ಪ್ರತ್ಯೇಕ ಭಾಗವಾಗಿ ಕೇಳುವುದರಿಂದ, ಕಡತದ ಭಾಗಕ್ಕೆ ರೋಮನ್ ಲಿಪಿಯ ಸರಳ ಹೆಸರನ್ನು ಕೊಟ್ಟು, ಕನ್ನಡದ ಹೆಸರನ್ನು ಅದಕ್ಕೆ ಮೀಸಲಾದ ಭಾಗದಲ್ಲಿ ಇಡುವುದು ಸುರಕ್ಷಿತ.

ಅಕ್ಷರ, ಸಂಕೇತ, ಬೈಟ್

ಯೂನಿಕೋಡ್ ಪದ್ಧತಿಯಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗಿನ 128 ಸ್ಥಾನಗಳು ಮೀಸಲಾಗಿವೆ. ವ್ಯಂಜನಕ್ಕೆ ಒಂದು ಸ್ಥಾನ, ಸ್ವರಚಿಹ್ನೆಗೆ ಒಂದು, ಅನುಸ್ವಾರಕ್ಕೆ ಒಂದು, ವಿರಾಮಚಿಹ್ನೆಯಾದ ಅರ್ಧಾಕ್ಷರದ ಗುರುತಿಗೂ ಒಂದು. ಆದುದರಿಂದ 'ಟ್ರಾಂ' ಎಂಬ ಒಂದು ಅಕ್ಷರ ಟಕಾರ, ವಿರಾಮ, ರಕಾರ, ದೀರ್ಘಚಿಹ್ನೆ, ಅನುಸ್ವಾರ ಎಂಬ ಐದು ಸಂಕೇತಗಳಾಗುತ್ತದೆ. 'ನಾ' ಎರಡು, 'ಪಾ' ಎರಡು, 'ಳ್ಯ' ಮೂರು. ಒಟ್ಟು ಹನ್ನೆರಡು.

ಈ ಸಂಕೇತಗಳನ್ನು ಜಾಲದಲ್ಲಿ ಸಾಗಿಸಲು ಯುಟಿಎಫ್-8 ಎಂಬ ವಾಹನವಿದೆ. ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ 1992ರಲ್ಲಿ ರೂಪಿಸಿದ ಕ್ರಮವದು. ಅದರಲ್ಲಿ ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟ್, ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್. ನಕಾರದ ಸ್ಥಾನ 3240. ಅದು 224, 178, 168 ಎಂಬ ಮೂರು ಬೈಟ್‌ಗಳಾಗಿ ಹೊರಡುತ್ತದೆ. ಗಡಿನಾಡಿನ ಓದುಗರಿಗೆ ಇಲ್ಲೊಂದು ಕುತೂಹಲದ ಸಂಗತಿ ಕಾಣುತ್ತದೆ. ಕನ್ನಡ, ತೆಲುಗು, ತಮಿಳು ಮೂರಕ್ಕೂ, ಮರಾಠಿ ಬರೆಯುವ ದೇವನಾಗರಿಗೂ ಮೊದಲ ಬೈಟ್ ಒಂದೇ, 224. ಲಿಪಿ ಯಾವುದೆಂದು ಹೇಳುವುದು ಎರಡನೆಯ ಬೈಟ್: ದೇವನಾಗರಿಗೆ 164 ಅಥವಾ 165, ತಮಿಳಿಗೆ 174 ಅಥವಾ 175, ತೆಲುಗಿಗೆ 176 ಅಥವಾ 177, ಕನ್ನಡಕ್ಕೆ 178 ಅಥವಾ 179.

ಕೋರಿಕೆಯ ತಲೆಬರಹಗಳಲ್ಲಿ 'ಕಂಟೆಂಟ್-ಲೆಂಗ್ತ್' ಎಂಬುದೊಂದಿದೆ. ಒಡಲು ಎಷ್ಟು ಉದ್ದವೆಂದು ಅದು ಸರ್ವರ್‌ಗೆ ತಿಳಿಸುತ್ತದೆ. ಆ ಉದ್ದವನ್ನು ಬೈಟ್‌ಗಳಲ್ಲಿಯೇ ಹೇಳಬೇಕು. ಇಂಗ್ಲಿಷಿನಲ್ಲಿ ಮಾತ್ರ ಪರೀಕ್ಷಿಸಿ ನೋಡಿದವರು ಅಕ್ಷರವೂ ಬೈಟೂ ಒಂದೇ ಎಂದು ಭಾವಿಸಿ, ಪದದ ಸಂಕೇತಗಳನ್ನು ಎಣಿಸಿ ಆ ಸಂಖ್ಯೆಯನ್ನೇ ಬರೆದುಬಿಡುತ್ತಾರೆ. ಒಡಲಿನಲ್ಲಿ 'ನಾಟ್ರಾಂಪಾಳ್ಯ' ಎಂಬುದಷ್ಟೇ ಇದ್ದು, ಉದ್ದವನ್ನು 12 ಎಂದು ಬರೆದರೆ ಏನಾಗುತ್ತದೆ? ಸರ್ವರ್ 12 ಬೈಟ್‌ಗಳನ್ನು ಓದಿ ನಿಲ್ಲುತ್ತದೆ. ಹನ್ನೆರಡು ಬೈಟ್ ಎಂದರೆ ನಾಲ್ಕು ಸಂಕೇತ: ನಕಾರ, ದೀರ್ಘ, ಟಕಾರ, ವಿರಾಮ. ಭಂಡಾರದಲ್ಲಿ ಉಳಿಯುವ ಹೆಸರು 'ನಾಟ್'. ಉಳಿದ 24 ಬೈಟ್‌ಗಳು ಮುಂದಿನ ಕೋರಿಕೆಯ ಆರಂಭವೆಂದು ತಪ್ಪಾಗಿ ಓದಲ್ಪಡುತ್ತವೆ, ಇಲ್ಲವೆ ಬಿದ್ದುಹೋಗುತ್ತವೆ. ಉದ್ದವನ್ನು ಹೆಚ್ಚಾಗಿ ಬರೆದರೆ ಸರ್ವರ್ ಬಾರದ ಬೈಟ್‌ಗಳಿಗಾಗಿ ಕಾದು, ಕೊನೆಗೆ ಸಂಪರ್ಕವನ್ನು ಕಡಿದುಕೊಳ್ಳುತ್ತದೆ. ಇದಕ್ಕೆ ಪರಿಹಾರ ಸರಳ: ಪಠ್ಯವನ್ನು ಮೊದಲು ಯುಟಿಎಫ್-8 ಬೈಟ್‌ಗಳಾಗಿ ಪರಿವರ್ತಿಸಬೇಕು, ಎಣಿಕೆ ಅದರ ಅನಂತರ.

ಹೆಸರಿನ ಮಿತಿಯೂ ಬೈಟ್‌ಗಳಲ್ಲಿಯೇ ಇದೆ. ಕಾಮನ್ಸ್‌ನಲ್ಲಿ ಕಡತದ ಹೆಸರು 240 ಬೈಟ್‌ಗಳನ್ನು ಮೀರುವಂತಿಲ್ಲ. ಇಂಗ್ಲಿಷಿಗೆ 240 ಅಕ್ಷರಗಳಷ್ಟು ಅವಕಾಶ. ಕನ್ನಡಕ್ಕೆ ಹೆಚ್ಚೆಂದರೆ 80 ಸಂಕೇತಗಳಷ್ಟು. 'ನಾಟ್ರಾಂಪಾಳ್ಯ ಬೀಸುವ ಪದ 01' ಎಂಬ ಹೆಸರು, ಕೊನೆಯ ಚುಕ್ಕೆ ಮತ್ತು ರೋಮನ್ ಲಿಪಿಯ ಮೂರಕ್ಷರದ 'ವೇವ್' ಗುರುತು ಸೇರಿ, 66 ಬೈಟ್ ಆಗುತ್ತದೆ. ಹಾಡಿನ ಮೊದಲ ಸಾಲನ್ನೆಲ್ಲ ಹೆಸರಿಗೆ ಸೇರಿಸುವ ಆಸೆಯನ್ನು ಈ ಲೆಕ್ಕ ತಡೆಯುತ್ತದೆ.

ಕಣ್ಣಿಗೆ ಒಂದು, ಯಂತ್ರಕ್ಕೆ ಎರಡು

'ಹೊಸೂರು' ಎಂಬ ಹೆಸರಿನ ಒತ್ವವನ್ನು ಎರಡು ರೀತಿಯಲ್ಲಿ ಶೇಖರಿಸಬಹುದು. ಒಂದೇ ಸಂಕೇತವಾಗಿ ಬರೆದರೆ ಪದಕ್ಕೆ 6 ಸಂಕೇತ, 18 ಬೈಟ್. ಎತ್ವ ಮತ್ತು ಊತ್ವದ ಚಿಹ್ನೆಗಳ ಜೋಡಿಯಾಗಿ ಬರೆದರೆ 7 ಸಂಕೇತ, 21 ಬೈಟ್. ತೆರೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. ಆ್ಯಪಲ್ ಸಂಸ್ಥೆಯ ಹಳೆಯ ಎಚ್‌ಎಫ್‌ಎಸ್ ಪ್ಲಸ್ ವ್ಯವಸ್ಥೆಯಲ್ಲಿ ಕಡತದ ಹೆಸರುಗಳು ಬಿಡಿಸಿದ ರೂಪದಲ್ಲಿ ಶೇಖರವಾಗುತ್ತಿದ್ದವು. ಹಾಗೆ ಬಂದ ಹೆಸರನ್ನು ಪಟ್ಟಿಯಲ್ಲಿರುವ ಹೆಸರಿನೊಡನೆ ಹೋಲಿಸಿದ ಪ್ರೋಗ್ರಾಮು 'ಇಂತಹ ಕಡತವಿಲ್ಲ' ಎನ್ನುತ್ತದೆ. ವಿಕಿಮೀಡಿಯದ ತಂತ್ರಾಂಶ ಬಂದ ಹೆಸರನ್ನು ಕೂಡಿಸಿದ ರೂಪಕ್ಕೆ ತಿರುಗಿಸಿಕೊಳ್ಳುತ್ತದೆ. ಎಲ್ಲ ಸರ್ವರ್‌ಗಳೂ ಹಾಗೆ ಮಾಡುವುದಿಲ್ಲ. ಆದುದರಿಂದ ಕಳುಹಿಸುವ ಮೊದಲೇ ಎಲ್ಲ ಹೆಸರುಗಳನ್ನೂ ಒಂದೇ ರೂಪಕ್ಕೆ ತರುವುದು ಉಚಿತ.

'ಸರ್ವರ್‌ಗೆ' ಎಂಬಲ್ಲಿ ರಕಾರವೂ ಗಕಾರವೂ ಕೂಡಿ ಸಂಯುಕ್ತಾಕ್ಷರವಾಗದಂತೆ ತಡೆಯುವ ಒಂದು ಅಗೋಚರ ಸಂಕೇತವಿರುತ್ತದೆ. ಅದು ಕಾಣುವುದಿಲ್ಲ, ಓದಿನಲ್ಲಿ ಬರುವುದಿಲ್ಲ, ಆದರೆ ಮೂರು ಬೈಟ್‌ಗಳ ಸ್ಥಳ ಹಿಡಿಯುತ್ತದೆ. ಅದು ಒಂದು ಹೆಸರಿನಲ್ಲಿದ್ದು ಇನ್ನೊಂದರಲ್ಲಿಲ್ಲದಿದ್ದರೆ ಯಂತ್ರಕ್ಕೆ ಅವು ಬೇರೆ ಬೇರೆ ಪದಗಳು.

ಹಳೆಯ ನುಡಿ, ಬರಹ ಕಡತಗಳ ತೊಂದರೆ ಇನ್ನೊಂದು ಬಗೆಯದು. ಯೂನಿಕೋಡ್ ಅಲ್ಲದ ಫಾಂಟ್‌ನಲ್ಲಿ ಬರೆದ ಹಾಡಿನ ಪಠ್ಯ ಒಂದು ಬೈಟೂ ಕಳೆಯದೆ ಸರ್ವರ್ ಸೇರಬಹುದು. ಆದರೂ ಆ ಫಾಂಟ್ ಇಲ್ಲದ ಯಂತ್ರದಲ್ಲಿ ಕಾಣುವುದು ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲು. ಹುಡುಕಿದರೆ ಒಂದು ಪದವೂ ಸಿಗುವುದಿಲ್ಲ. ಅಂತಹ ಪಠ್ಯವನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಒಮ್ಮೆ ಕಣ್ಣಿನಿಂದ ಓದಿ ತಿದ್ದಿ, ಅನಂತರವೇ ಏರಿಸಬೇಕು.

ತುಂಡುಗಳಾಗಿ ಕಳುಹಿಸುವುದು

ಸೆಕೆಂಡಿಗೆ 44,100 ಮಾದರಿ, ಮಾದರಿಗೆ 2 ಬೈಟ್, ಒಂದೇ ವಾಹಿನಿ ಎಂಬ ಲೆಕ್ಕದಲ್ಲಿ ಐದು ನಿಮಿಷದ ಹಾಡು, ತಲೆಭಾಗದ 44 ಬೈಟ್ ಸೇರಿ, 2,64,60,044 ಬೈಟ್ ಆಗುತ್ತದೆ. ಗುಡ್ಡದ ಮರೆಯಲ್ಲಿ ಮೊಬೈಲಿನ ಸಂಪರ್ಕ ಕಡಿದು ಕೂಡುವ ಕಡೆ ಇಷ್ಟನ್ನು ಒಂದೇ ಉಸಿರಿಗೆ ಕಳುಹಿಸುವುದು ಕಷ್ಟ. ಕೊನೆಯ ಕ್ಷಣದಲ್ಲಿ ಕಡಿದರೆ ಮೊದಲಿನಿಂದ ಆರಂಭಿಸಬೇಕು.

ಅದಕ್ಕಾಗಿ ಕಡತವನ್ನು ತುಂಡುಗಳಾಗಿ ಕಳುಹಿಸುವ ಅವಕಾಶವನ್ನು ಕಾಮನ್ಸ್ ಕಲ್ಪಿಸಿದೆ. ತುಂಡಿಗೆ 10,48,576 ಬೈಟ್ ಎಂದು ಇಟ್ಟರೆ ಈ ಹಾಡು 26 ತುಂಡುಗಳಾಗುತ್ತದೆ. ಕೊನೆಯದು ಮಾತ್ರ 2,45,644 ಬೈಟ್. ಮೊದಲ ತುಂಡು ತಲುಪಿದಾಗ ಸರ್ವರ್ ಒಂದು ಕೀಲಿಪದವನ್ನು ಕೊಡುತ್ತದೆ. ಮುಂದಿನ ಪ್ರತಿ ತುಂಡಿನೊಡನೆ ಆ ಕೀಲಿಪದವನ್ನೂ, ತುಂಡು ಎಷ್ಟನೆಯ ಬೈಟ್‌ನಿಂದ ಆರಂಭವಾಗುತ್ತದೆ ಎಂಬುದನ್ನೂ ತಿಳಿಸಬೇಕು. ಹದಿನೆಂಟು ತುಂಡು ತಲುಪಿ ಸಂಪರ್ಕ ಕಡಿದರೆ, ಸಂಪರ್ಕ ಮರಳಿದಾಗ 1,88,74,368 ಎಂದು ಹೇಳಿ ಹತ್ತೊಂಬತ್ತನೆಯದರಿಂದ ಮುಂದುವರಿಸಬಹುದು. ಎಲ್ಲವೂ ಸೇರಿದ ಮೇಲೆ ಕೊನೆಯ ಕೋರಿಕೆಯೊಂದು ತುಂಡುಗಳನ್ನು ಕೂಡಿಸಿ, ಹೆಸರು ಕೊಟ್ಟು, ಭಂಡಾರದಲ್ಲಿ ನೆಲೆಗೊಳಿಸುತ್ತದೆ. ಧ್ವನಿಕಡತವನ್ನು ಪ್ರೋಗ್ರಾಮು ಪಠ್ಯವಾಗಿ ತೆರೆಯದೆ ಬೈಟ್‌ಗಳಾಗಿಯೇ ತೆರೆಯಬೇಕೆಂಬುದನ್ನು ಇಲ್ಲಿ ಮರೆಯಬಾರದು. ಪಠ್ಯವೆಂದು ತೆರೆದರೆ ಸಾಲಿನ ಕೊನೆಯ ಗುರುತುಗಳೆಂದು ತೋರಿದ ಬೈಟ್‌ಗಳು ಬದಲಾಗಿ ಹಾಡು ಕೆಡಬಹುದು.

ಉತ್ತರವನ್ನು ಓದುವುದು

ಸರ್ವರ್‌ನ ಉತ್ತರ ಮೂರಂಕಿಯ ಸಂಖ್ಯೆಯಿಂದ ಆರಂಭವಾಗುತ್ತದೆ. 201 ಎಂದರೆ ಹೊಸದಾಗಿ ಸೃಷ್ಟಿಯಾಯಿತು. 401 ಎಂದರೆ ಗುರುತು ಬೇಕು. 403 ಎಂದರೆ ಅನುಮತಿಯಿಲ್ಲ. 411 ಎಂದರೆ ಉದ್ದ ಹೇಳಿಲ್ಲ. 413 ಎಂದರೆ ಒಡಲು ಮಿತಿಮೀರಿ ದೊಡ್ಡದು. 500 ಎಂದರೆ ದೋಷ ಸರ್ವರ್‌ನದು. 200 ಎಂದರೆ ಕೋರಿಕೆ ಸರಿಯಾಗಿ ತಲುಪಿತು. ಹೊಸಬರು ಎಡವುವುದು ಈ 200ರಲ್ಲಿಯೇ. ವಿಕಿಮೀಡಿಯದ ಸರ್ವರ್ 200 ಎಂದು ಹೇಳಿಯೂ ಉತ್ತರದ ಒಡಲಿನಲ್ಲಿ 'ಎಚ್ಚರಿಕೆ' ಎಂದು ಬರೆದಿರಬಹುದು: ಇದೇ ಹೆಸರಿನ ಕಡತ ಈಗಾಗಲೇ ಇದೆ, ಅಥವಾ ಇದೇ ಧ್ವನಿ ಬೇರೊಂದು ಹೆಸರಿನಲ್ಲಿದೆ. ಆಗ ಕಡತ ಪ್ರಕಟವಾಗಿರುವುದಿಲ್ಲ. ಸಂಖ್ಯೆಯನ್ನು ಮಾತ್ರ ನೋಡುವ ಪ್ರೋಗ್ರಾಮು ಮುನ್ನೂರೂ ಮುಗಿದವೆಂದು ವರದಿ ಕೊಡುತ್ತದೆ.

ಕಡತ ಯಥಾವತ್ತಾಗಿ ತಲುಪಿತೆಂದು ತಿಳಿಯಲು ಇನ್ನೂ ಖಚಿತವಾದ ದಾರಿಯಿದೆ. 'ಷಾ-1' ಎಂಬ ಗಣಿತಕ್ರಮವು ಯಾವುದೇ ಕಡತದಿಂದ 40 ಚಿಹ್ನೆಗಳ ಮುದ್ರೆಯನ್ನು ತೆಗೆಯುತ್ತದೆ. ಒಂದು ಬೈಟ್ ಬದಲಾದರೂ ಮುದ್ರೆ ಪೂರ್ತಿ ಬೇರೆಯಾಗುತ್ತದೆ. ಸರ್ವರ್ ತನ್ನಲ್ಲಿರುವ ಪ್ರತಿಯ ಮುದ್ರೆಯನ್ನು ಕೇಳಿದಾಗ ಹೇಳುತ್ತದೆ. ಮನೆಯ ಕಡತದ ಮುದ್ರೆಗೂ ಅದಕ್ಕೂ ತಾಳೆ ಬಿದ್ದರೆ ಹಾಡು ಕ್ಷೇಮ. ಆದರೆ ಮುದ್ರೆಯು ಕಡತದ ಒಡಲಿಗೆ ಮಾತ್ರ ಸಾಕ್ಷಿ, ಹೆಸರಿಗಲ್ಲ. 'ನಾಟ್' ಎಂದು ಮುರಿದ ಹೆಸರಿನ ಕೆಳಗೂ ಹಾಡು ಪೂರ್ಣವಾಗಿಯೇ ಇದ್ದೀತು. ಆದುದರಿಂದ ಸರ್ವರ್ ದಾಖಲಿಸಿಕೊಂಡ ಹೆಸರನ್ನು ಮರಳಿ ತರಿಸಿ, ಪಟ್ಟಿಯೊಡನೆ ಹೋಲಿಸುವ ಹೆಜ್ಜೆಯೂ ಪ್ರೋಗ್ರಾಮಿನಲ್ಲಿ ಇರಬೇಕು. ಮುನ್ನೂರನ್ನೂ ಕಳುಹಿಸುವ ಮೊದಲು ಮೂರನ್ನು ಮಾತ್ರ ಕಳುಹಿಸಿ ನೋಡುವುದು ವಿವೇಕ.

ಹೆಸರು ಏಕೆ ಮುಖ್ಯ

ಮಹಾರಾಷ್ಟ್ರದ ಹಳ್ಳಿಗಳಲ್ಲಿ ಹೆಂಗಸರು ಬೀಸುಕಲ್ಲಿನ ಮುಂದೆ ಹಾಡುವ ಓವಿಗಳನ್ನು ಹೇಮಾ ರಾಯರ್ಕರ್ ಮತ್ತು ಗೀ ಪೊಯ್ತೆವ್ಯಾಂ ಅವರ ತಂಡ ದಶಕಗಳ ಕಾಲ ಸಂಗ್ರಹಿಸಿತು. ಒಂದು ಲಕ್ಷಕ್ಕೂ ಹೆಚ್ಚು ಓವಿಗಳ ಆ ಸಂಗ್ರಹವನ್ನು ಈಗ ಜಾಲದಲ್ಲಿ ಓದಬಹುದು, ಹಲವನ್ನು ಕೇಳಬಹುದು. ಹಾಡಿದವಳ ಹೆಸರು, ಊರು, ತಾಲ್ಲೂಕುಗಳು ಹಾಡಿನ ಜೊತೆಯಲ್ಲಿಯೇ ದಾಖಲಾಗಿರುವುದು ಆ ಸಂಗ್ರಹದ ದೊಡ್ಡ ಬಲ. ಊರಿನ ಹೆಸರು ಕಳಚಿದರೆ ಉಳಿಯುವುದು ಎಲ್ಲಿಯದೋ ಒಂದು ಧ್ವನಿ.

ಗಡಿಯ ಊರಿಗೆ ಈ ಮಾತು ಇನ್ನಷ್ಟು ಸಲ್ಲುತ್ತದೆ. ಕೃಷ್ಣಗಿರಿ ಜಿಲ್ಲೆ ರೂಪುಗೊಂಡದ್ದು 2004ರಲ್ಲಿ. ಅದಕ್ಕೆ ಮುನ್ನ ಈ ಸೀಮೆ ಧರ್ಮಪುರಿ ಜಿಲ್ಲೆಯಲ್ಲಿತ್ತು. 1965ಕ್ಕೆ ಮುನ್ನ ಸೇಲಂ ಜಿಲ್ಲೆಯಲ್ಲಿತ್ತು. ಹಳೆಯ ದಾಖಲೆಗಳಲ್ಲಿ ಹುಡುಕುವವರಿಗೆ ಮೂರೂ ಹೆಸರುಗಳು ಬೇಕು. ಊರಿನ ಹೆಸರು ಕನ್ನಡ, ತಮಿಳು ಎರಡೂ ಲಿಪಿಗಳಲ್ಲಿ ಬೇಕು. ವಿವರಣೆಯ ಭಾಗದಲ್ಲಿ ಇವನ್ನೆಲ್ಲ ಬರೆಯಲು ಸ್ಥಳವಿದೆ. ಊರವರ ಬಾಯಲ್ಲಿರುವ ಕನ್ನಡದ ಹೆಸರಿನಿಂದ ಹುಡುಕಿದವರಿಗೆ ಊರು ಸಿಗಬೇಕಾದರೆ ಅದನ್ನು ಯಾರಾದರೂ ಮುರಿಯದಂತೆ ಅಲ್ಲಿಗೆ ತಲುಪಿಸಿರಬೇಕು.

ಹಾಡಿದವರ ಒಪ್ಪಿಗೆ ಇದೆಲ್ಲಕ್ಕೂ ಮೊದಲಿನದು. 1957ರ ಭಾರತೀಯ ಕೃತಿಸ್ವಾಮ್ಯ ಕಾಯ್ದೆಯ 38ನೆಯ ಪ್ರಕರಣ ಹಾಡುವವರ ಹಕ್ಕನ್ನು ಮಾನ್ಯಮಾಡಿದೆ. ಕಾಮನ್ಸ್ ಸ್ವೀಕರಿಸುವ ಮುಕ್ತ ಪರವಾನಗಿಯಲ್ಲಿ ಯಾರೂ, ವ್ಯಾಪಾರಕ್ಕಾಗಿ ಕೂಡ, ಹಾಡನ್ನು ಬಳಸಬಹುದು; ಒಮ್ಮೆ ಕೊಟ್ಟ ಪರವಾನಗಿಯನ್ನು ಹಿಂದೆಗೆದುಕೊಳ್ಳಲಾಗದು. ಇದನ್ನು ಅಜ್ಜಿಗೆ ಅವಳ ಮಾತಿನಲ್ಲಿ ವಿವರಿಸಿ, ಅವಳು ಒಪ್ಪಿದ್ದನ್ನು ಮಾತ್ರ ಏರಿಸಬೇಕು. 'ಈ ಪದ ಹೊರಗೆ ಬೇಡ ಮಗಾ' ಎಂದು ಅವಳು ಹೇಳಿದರೆ ಆ ಕಡತ ಪಟ್ಟಿಯಿಂದ ಹೊರಗುಳಿಯಬೇಕು. ಪ್ರೋಗ್ರಾಮಿಗೆ ಈ ವಿವೇಚನೆ ತಿಳಿಯದು. ಪಟ್ಟಿ ಮಾಡುವವರಿಗೆ ತಿಳಿದಿರಬೇಕು.

ಮೇಲಿನ ಕೆಲಸದಲ್ಲಿ ಗಣಕವಿಜ್ಞಾನದ ಪಾಲು ಕಡಿಮೆಯೇನಲ್ಲ. ಆದರೂ ಸಂಯುಕ್ತಾಕ್ಷರ ಹೇಗೆ ಬಿಡಿಯುತ್ತದೆ, ಸ್ವರಚಿಹ್ನೆ ಎಲ್ಲಿ ಕೂಡುತ್ತದೆ, ಊರಿನ ಹೆಸರಿನ ಸರಿಯಾದ ರೂಪ ಯಾವುದು ಎಂಬ ಪ್ರಶ್ನೆಗಳು ಬಂದಾಗ ಉತ್ತರ ಹೇಳಬೇಕಾದವರು ವ್ಯಾಕರಣ ಓದಿದವರೇ. ಮುರಿದ ಹೆಸರನ್ನು ಕಂಡೊಡನೆ ಅದು ಎಲ್ಲಿ ಮುರಿದಿದೆ ಎಂದು ಅವರು ಹೇಳಬಲ್ಲರು.

ಅಭ್ಯಾಸ

1. 'ಅಂಚೆಟ್ಟಿ' ಎಂಬ ಹೆಸರಿನಲ್ಲಿ 3 ಅಕ್ಷರ, 5 ಮಾತ್ರೆ, 8 ಸಂಕೇತ, 24 ಬೈಟ್ ಇವೆ. ಈ ಲೆಕ್ಕವನ್ನು ಬಿಡಿಸಿ ತೋರಿಸಿರಿ.

2. ನಿಮ್ಮ ಊರಿನ ಹೆಸರಿಗೆ ಇದೇ ನಾಲ್ಕು ಲೆಕ್ಕಗಳನ್ನು ಮಾಡಿರಿ. ಅದರಲ್ಲಿ ಎರಡು ರೀತಿಯಲ್ಲಿ ಶೇಖರಿಸಬಹುದಾದ ಸ್ವರಚಿಹ್ನೆ ಇದೆಯೇ ಎಂದು ಪರಿಶೀಲಿಸಿರಿ.

3. 'ಹೊಸೂರು' ಎಂಬ ಪದವನ್ನು 18 ಬೈಟ್‌ಗಳ ರೂಪದಲ್ಲಿ ಕಳುಹಿಸಿ, ಉದ್ದವನ್ನು ತಪ್ಪಾಗಿ 6 ಎಂದು ಬರೆದರೆ ಸರ್ವರ್‌ನಲ್ಲಿ ಉಳಿಯುವುದೇನು?

4. ಕ್ಷೇತ್ರಕಾರ್ಯದ ಒಂದು ಧ್ವನಿಕಡತಕ್ಕೆ ಊರು, ಪ್ರಕಾರ, ಕ್ರಮಸಂಖ್ಯೆ ಒಳಗೊಂಡ ಹೆಸರನ್ನು ರಚಿಸಿ, ಅದು 240 ಬೈಟ್‌ಗಳ ಮಿತಿಯಲ್ಲಿದೆಯೇ ಎಂದು ತೋರಿಸಿರಿ.